ಮೂಗುಬೊಟ್ಟಿನ ಕಲ್ಲು ಆಗಿಬಂದ ಬಗೆ

ಭೂತಗನ್ನಡಿ ಕೈಯಲ್ಲಿರುವ ಗಂಡಸನ್ನು ಹೆಂಗಸರು ಒಡವೆ ಅಂಗಡಿಗೆ ಕರೆದುಕೊಂಡು ಹೋಗಬಾರದು. ಇದನ್ನು ಯಾರ ಮೇಲಿನ ಕೋಪದಿಂದಲೂ ಹೇಳುತ್ತಿಲ್ಲ. ಆ ಗಂಡಸು ನಾನೇ ಆಗಿದ್ದೆ. ಬಸವನಗುಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಪಾಠ ಹೇಳುತ್ತಿದ್ದ ಕಾಲ ಅದು. ದಾಸವಾಳದ ಕೇಸರ, ಇರುವೆಯ ಮೀಸೆ, ಹುಡುಗರ ಉತ್ತರಪತ್ರಿಕೆಯ ತಪ್ಪು ಇವನ್ನೇ ನೋಡಿ ನೋಡಿ ನನ್ನ ಕಣ್ಣಿಗೆ ಒಂದು ಚಟ ಹತ್ತಿತ್ತು. ಚೆನ್ನಾಗಿರುವುದು ಏನಾದರೂ ಎದುರಿಗೆ ಬಂದರೆ ಇದು ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಚಟ. ಉಪ್ಪಿಟ್ಟಿನಲ್ಲಿ ಸಾಸಿವೆ ಕಂಡರೂ ಕಲ್ಲಿರಬೇಕೆಂದು ತಟ್ಟೆಯ ಅಂಚಿಗೆ ಸರಿಸುತ್ತಿದ್ದೆ. ನನ್ನ ಹೆಂಡತಿ ಸುಶೀಲ ಸಹಿಸಿಕೊಂಡಿದ್ದಳು. ಮೇಷ್ಟರನ್ನು ಕಟ್ಟಿಕೊಂಡವರು ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡರೆ ಸಂಸಾರ ನಡೆಯುವುದಿಲ್ಲ.

ವಿಷಯ ಅವಳ ಮೂಗುಬೊಟ್ಟಿನದು. ನಮ್ಮ ಮದುವೆಯ ಮಾತುಕತೆಯಲ್ಲಿ ನಮ್ಮವ್ವ, ಮಲ್ಲೇಶ್ವರದ ಬೀಗರ ಎದುರಿಗೆ ಹಳ್ಳಿಯವರೇನು ಕಮ್ಮಿಯಲ್ಲ ಎಂದು ತೋರಿಸುವ ಹುಮ್ಮಸ್ಸಿನಲ್ಲಿ, “ನನ್ ಮಗಂಗೆ ಕೆಲ್ಸ ಪರ್ಮನೆಂಟ್ ಆಗ್ಲಿ, ಸೊಸೆ ಮೂಗಿಗೆ ಒಂಟಿ ವಜ್ರ ಇಕ್ಕಿಸ್ತೀನಿ” ಎಂದು ಮಾತು ಕೊಟ್ಟುಬಿಟ್ಟಿದ್ದಳು. ಕುಣಿಗಲ್ ಕಡೆಯ ನಮ್ಮ ವಂಶದಲ್ಲಿ ಅಲ್ಲಿಯವರೆಗೆ ವಜ್ರವನ್ನು ಮುಟ್ಟಿದವರು ಯಾರೂ ಇರಲಿಲ್ಲ. ನನ್ನ ಕೆಲಸ ಪರ್ಮನೆಂಟ್ ಆಗುವುದೋ, ಅದು ಗಜಪ್ರಸವವಾಯಿತು. ಅಷ್ಟು ವರ್ಷವೂ ಸುಶೀಲಳ ಮೂಗಿನಲ್ಲಿದ್ದದ್ದು ಚಿಕ್ಕಪೇಟೆಯಲ್ಲಿ ಕೊಂಡ ಬಿಳಿಯ ಹರಳು. ಅದನ್ನು ಅಮೆರಿಕನ್ ಡೈಮಂಡ್ ಎಂದು ಕರೆಯುತ್ತಿದ್ದರು. ಅಮೆರಿಕವನ್ನೂ ಕಾಣದ, ಡೈಮಂಡನ್ನೂ ಕಾಣದ ಆ ಪಾಪದ ಹರಳಿಗೆ ಯಾಕೆ ಆ ಹೆಸರೋ ತಿಳಿಯದು. ಸುಶೀಲ ಎಂದೂ ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಅವಳ ತಂಗಿಯ ಮದುವೆ ಗೊತ್ತಾಗಿ, ಸುಲ್ತಾನ್‌ಪೇಟೆಯಲ್ಲಿ ಅಚ್ಚಾದ ಲಗ್ನಪತ್ರಿಕೆ ಮೂಲೆಗೆ ಅರಿಶಿನ ಹಚ್ಚಿಕೊಂಡು ಮನೆಗೆ ಬಂದ ದಿನ ಒಂದು ಮಾತು ಹೇಳಿದಳು. “ನೆಂಟರು ಏನಂದ್ರೂ ನಂಗೇನಿಲ್ಲ ರೀ. ನಮ್ಮಮ್ಮ ಮಾತ್ರ ಪ್ರತಿ ಸಲಾನೂ ಮೊದಲು ಮೂಗು ನೋಡ್ತಾಳೆ, ಆಮೇಲೆ ಮುಖ ನೋಡ್ತಾಳೆ.” ನನ್ನ ಕೆಲಸ ಅಷ್ಟರಲ್ಲಿ ಪರ್ಮನೆಂಟ್ ಆಗಿತ್ತು, ನಾನು ಇನ್ನು ನೆಪ ಹೇಳುವಂತಿರಲಿಲ್ಲ. ಒಳಗಿನಿಂದ ಕೇಳಿಸಿಕೊಂಡ ಅವ್ವನೂ ಹೇಳುವಂತಿರಲಿಲ್ಲ, ಯಾಕೆಂದರೆ ಮಾತು ಕೊಟ್ಟವಳು ಅವಳು.

ವಜ್ರ ತರುವುದೆಂದು ತೀರ್ಮಾನವಾದ ಮೇಲೆ ಅವ್ವ ದಿಢೀರನೆ ವಜ್ರಶಾಸ್ತ್ರ ಬಲ್ಲವಳಾದಳು. ಅವಳ ದೊಡ್ಡತ್ತೆಗೆ ಯಾರೋ ಹೇಳಿದ್ದಂತೆ, ದೊಡ್ಡತ್ತೆ ಇವಳಿಗೆ ಹೇಳಿದ್ದಂತೆ. “ವಜ್ರ ಅಂದ್ರೆ ಜೀವ ಇರೋ ಕಲ್ಲು ಕಣಪ್ಪ. ಒಳಗೆ ಗೆರೆ ಇದ್ರೆ ಬೆಳೆಗೆ ಆಗ್ಬರಲ್ಲ, ಬಿಳೀ ಚುಕ್ಕೆ ಇದ್ರೆ ದನಕ್ಕೆ ಆಗ್ಬರಲ್ಲ, ಕರೀ ಚುಕ್ಕೆ ಇದ್ರೆ ಗಂಡಂಗೆ ಆಗ್ಬರಲ್ಲ. ತಂದು ಒಂದ್ ವಾರ ಮನೇಲಿ ಮಡಗಬೇಕು. ಏನೂ ಕೆಟ್ಟದ್ದು ಆಗ್ಲಿಲ್ಲ ಅಂದ್ರೆ ಕಟ್ಟಿಸ್ಬೇಕು. ಆಯ್ತು ಅಂದ್ರೆ ವಾಪಸ್.” ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಬೆಳೆ ಇರಲಿಲ್ಲ, ದನವೂ ಇರಲಿಲ್ಲ. ಗಂಡ ಇದ್ದ.

ನಾನು ಇದನ್ನೆಲ್ಲ ನಂಬುವವನಲ್ಲ. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯುವವನು ನಾನೇ. ಆದ್ದರಿಂದ ಪ್ರಯೋಗಶಾಲೆಯ ಭೂತಗನ್ನಡಿಯನ್ನು ಜೇಬಿಗಿಳಿಸಿಕೊಂಡು, ವೈಜ್ಞಾನಿಕವಾಗಿ ವಜ್ರ ಆರಿಸಲು ಸುಶೀಲಳ ಜೊತೆ ಅವೆನ್ಯೂ ರಸ್ತೆಯ ಗಲ್ಲಿಯೊಂದಕ್ಕೆ ಹೋದೆ. ಅಲ್ಲಿ ಶೆಟ್ಟರೊಬ್ಬರು ಬಿಳಿಯ ಗಾದಿಯ ಮೇಲೆ ಕಾಲು ಮಡಚಿ ಕೂತು, ಗಿರಾಕಿಗಿಂತ ಹೆಚ್ಚು ಮಾತಾಡುತ್ತ ವ್ಯಾಪಾರ ಮಾಡುತ್ತಿದ್ದರು. ನೀಲಿ ಕಾಗದದ ಪೊಟ್ಟಣ ಬಿಚ್ಚಿ ನಾಲ್ಕಾರು ಕಲ್ಲುಗಳನ್ನು ಹರಡಿದರು. ನಾನು ಭೂತಗನ್ನಡಿ ತೆಗೆದದ್ದನ್ನು ನೋಡಿ ಅವರ ಮುಖ ಸ್ವಲ್ಪ ಸಣ್ಣದಾಯಿತು.

“ನೋಡಿ ಮೇಷ್ಟ್ರೇ, ಇದು ಭೂಮಿ ಹೊಟ್ಟೇಲಿ ಬೆಂದಿರೋ ಪದಾರ್ಥ” ಎಂದು ಶುರುಮಾಡಿದರು. “ಬೇಯೋವಾಗ ಒಂದಿಷ್ಟು ಮೋಡ, ಒಂದು ಸೀಳು, ಒಂದು ಚುಕ್ಕೆ ಸೇರ್ಕೊಂಡೇ ಸೇರ್ಕೊಳ್ಳತ್ತೆ. ಅದು ಎಷ್ಟಿದೆ, ಎಲ್ಲಿದೆ ಅನ್ನೋದಕ್ಕೇ ಕ್ಲಾರಿಟಿ ಅನ್ನೋದು. ಲೆನ್ಸ್ ಇಟ್ರೂ ಕಾಣ್ದೇ ಇದ್ರೆ ಅದು ರಾಜಮಹಾರಾಜರ ಕಲ್ಲು. ಲೆನ್ಸಿಗೆ ಕಂಡು ಬರಿಗಣ್ಣಿಗೆ ಕಾಣ್ದೇ ಇದ್ರೆ ನಮ್ಮ ನಿಮ್ಮಂಥೋರ ಕಲ್ಲು. ಬರಿಗಣ್ಣಿಗೇ ಕಂಡ್ರೆ ಬಿಟ್ಬಿಡಿ, ಅದನ್ನ ನಾನೇ ಕೊಡಲ್ಲ. ಮಧ್ಯದಲ್ಲಿ ಚುಕ್ಕೆ ಇದ್ರೆ ಒಳಗಡೆ ಅದರದೇ ಬಿಂಬ ಬಿದ್ದು ಹತ್ತು ಚುಕ್ಕೆ ಕಾಣತ್ತೆ. ಅಂಚಲ್ಲಿದ್ರೆ ಕಟ್ಟೋವಾಗ ಚಿನ್ನದ ಕೆಳಗೆ ಮುಚ್ಚಿಹೋಗತ್ತೆ.”

ಇಷ್ಟು ತಿಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಪ್ಪು ತೆಗೆದೆ. ಇದರಲ್ಲಿ ಮೋಡ. ಇದರಲ್ಲಿ ಸೀಳು. ಎಲ್ಲಿಯೂ ಏನೂ ಸಿಗದ ಕಲ್ಲೊಂದಿತ್ತು. ಅದನ್ನು ಶೆಟ್ಟರು ಒಂದು ಚೂರು ಮೇಣದಿಂದ ಮೂಗಿಗೆ ಅಂಟಿಸಿಕೊಂಡು ನೋಡಲು ಸುಶೀಲಳಿಗೆ ಕೊಟ್ಟರು. ಅದು ನಮ್ಮ ಹೆಡ್‌ಮಾಸ್ಟರರ ಹಾಗೆ ನಿರ್ದೋಷಿಯಾಗಿತ್ತು, ಆದರೆ ನಗುತ್ತಿರಲಿಲ್ಲ. ಆಮೇಲೆ ಅವಳು ತಾನೇ ಇನ್ನೊಂದನ್ನು ಆರಿಸಿ ಅಂಟಿಸಿಕೊಂಡು ಕನ್ನಡಿಯ ಕಡೆ ತಿರುಗಿದಳು. ಕನ್ನಡಿಯಲ್ಲಿ ಅವಳ ಮುಖ ನಕ್ಕಿತು. ಮದುವೆಯಾದ ಹೊಸತರಲ್ಲಿ ಕಂಡಿದ್ದ ಮುಖ ಅದು, ನಡುವೆ ಎಲ್ಲಿಗೋ ಹೋಗಿತ್ತು. ನೋಡಿ ನನಗೆ ಬಹಳ ಸಂತೋಷವಾಯಿತು. ಸಂತೋಷವಾದ ಕೂಡಲೇ ಹಾಳು ಚಟ ಎದ್ದಿತು. ಕಲ್ಲನ್ನು ಕೇಳಿ ತೆಗೆದುಕೊಂಡು ಭೂತಗನ್ನಡಿ ಇಟ್ಟೆ. ಅಂಚಿನ ಹತ್ತಿರ, ಗಸಗಸೆಯ ಮರಿಯಷ್ಟು, ಒಂದು ಚುಕ್ಕೆ. ಕರಿಯದು.

ಇಂಗಾಲದ ತುಂಡೊಂದರೊಳಗೆ ಇನ್ನೊಂದು ಕರಿಯ ಕಣ ಸಿಕ್ಕಿಕೊಂಡರೆ ಚಾಮರಾಜಪೇಟೆಯ ಮೇಷ್ಟರಿಗೆ ಏನಾಗಬೇಕು? ಏನೂ ಆಗಬಾರದು. ಇದನ್ನು ಮನಸ್ಸಿನಲ್ಲೇ ಎರಡೆರಡು ಸಲ ಹೇಳಿಕೊಂಡೆ. ಸುಶೀಲಳೂ ಭೂತಗನ್ನಡಿ ಇಸಿದುಕೊಂಡು ನೋಡಿದಳು. “ಇದೆ ಅಲ್ವಾ?” ಎಂದಳು, ಮಗು ಆಟಿಕೆಯನ್ನು ವಾಪಸು ಕೊಡುವ ದನಿಯಲ್ಲಿ. “ಅಂಚಲ್ಲಿದೆ, ಮುಚ್ಚಿಹೋಗತ್ತೆ” ಎಂದೆ ನಾನು. ಶೆಟ್ಟರು ನನ್ನನ್ನು ಮೊದಲ ಸಲ ಪ್ರೀತಿಯಿಂದ ನೋಡಿದರು. ಒಂದು ವಾರದ ಪರೀಕ್ಷೆಯ ಪದ್ಧತಿ ಅವರಿಗೂ ಗೊತ್ತಿದ್ದದ್ದೇ; ಆಗಿಬರದಿದ್ದರೆ ತಂದುಕೊಡಿ ಎಂದು ಪೊಟ್ಟಣ ಕಟ್ಟಿಕೊಟ್ಟರು. ಮನೆಯಲ್ಲಿ ಅವ್ವ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು, ಪೊರೆ ಬಂದ ಕಣ್ಣಿನ ಹತ್ತಿರಕ್ಕೆ ತಂದು, “ನಂಗೆಲ್ಲಿ ಕಾಣ್ತದೆ. ಚುಕ್ಕೆ ಗಿಕ್ಕೆ ಇಲ್ಲ ತಾನೆ?” ಎಂದಳು. “ಬರಿಗಣ್ಣಿಗೆ ಏನೂ ಇಲ್ಲವ್ವ” ಎಂದೆ. ವಿಜ್ಞಾನದ ದೃಷ್ಟಿಯಿಂದ ಅದು ಸುಳ್ಳಲ್ಲ. ಸುಶೀಲ ಅದನ್ನು ಇನ್ನೊಮ್ಮೆ ಮೂಗಿಗೆ ಒತ್ತಿಕೊಂಡು ಗೋಡೆಯ ಕನ್ನಡಿಯ ಮುಂದೆ ನಿಂತು ನೋಡಿದ ಮೇಲೆ, ಕಲ್ಲು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಕೂತಿತು.

ಮರುದಿನವೇ ಬುಲ್ ಟೆಂಪಲ್ ರಸ್ತೆಯ ಇಳಿಜಾರಿನಲ್ಲಿ ನನ್ನ ಸೈಕಲ್ಲಿನ ಬ್ರೇಕು ಕೈಕೊಟ್ಟಿತು. ಮೊಣಕಾಲಿನ ಚರ್ಮ ಕಿತ್ತುಬಂತು. ರಸ್ತೆಯ ಮೇಲೆ ಕೂತುಕೊಂಡು ನನಗೆ ಬಂದ ಮೊದಲ ಯೋಚನೆ ನೋವಿನದಲ್ಲ, ಅವ್ವನಿಗೆ ಗೊತ್ತಾದರೆ ಕಲ್ಲು ವಾಪಸು ಹೋಗುತ್ತದೆ ಎಂಬುದು. ಮನೆಯಲ್ಲಿ ಲುಂಗಿ ಬಿಟ್ಟು ಪೈಜಾಮ ಹಾಕಿಕೊಂಡೆ. “ಯಾಕೆ ಕುಂಟ್ತಾ ಇದೀರಿ?” ಎಂದು ಸುಶೀಲ ಕೇಳಿದಳು. “ಹೊಸ ಚಪ್ಪಲಿ ಕಚ್ತು” ಎಂದೆ. ಚಪ್ಪಲಿ ಹಳೆಯದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಸುಮ್ಮನೆ ಒಳಗೆ ಹೋದಳು. ಅದಾದ ಮೇಲೆ ಶಾಲೆಯಲ್ಲಿ ಜಲಜನಕದ ಪ್ರಯೋಗ ತೋರಿಸುವಾಗ ಪ್ರನಾಳ ಢಬ್ಬೆಂದು ಸಿಡಿದು ನನ್ನ ಎಡಮೀಸೆ ಸುಟ್ಟುಹೋಯಿತು. ಅರ್ಧ ಮೀಸೆಯಲ್ಲಿ ಮನೆಗೆ ಹೋಗುವಂತಿಲ್ಲ. ಕ್ಷೌರದ ಅಂಗಡಿಗೆ ನುಗ್ಗಿ ಬಲಗಡೆಯದನ್ನೂ ತೆಗೆಸಿದೆ. ನಮ್ಮ ಕಡೆಯವರಲ್ಲಿ ಹತ್ತಿರದವರು ಯಾರಾದರೂ ತೀರಿಕೊಂಡರೆ ಮಾತ್ರ ಗಂಡಸು ಮೀಸೆ ಬೋಳಿಸುವುದು. ಅವ್ವ ಎದೆ ಬಡಿದುಕೊಳ್ಳುತ್ತಾಳೆಂದು ಅಂಜುತ್ತ ಹೊಸಿಲು ದಾಟಿದೆ. ಅವ್ವ ಒಂದು ಗಳಿಗೆ ನನ್ನನ್ನೇ ನೋಡಿ, “ಲಕ್ಷಣವಾಗೈತೆ” ಎಂದು ಅವರೆಕಾಯಿ ಸುಲಿಯತೊಡಗಿದಳು. ನನಗೆ ಆಶ್ಚರ್ಯವಾಯಿತು, ಆದರೆ ಬಂದ ಭಾಗ್ಯವನ್ನು ಕೆದಕಬಾರದೆಂದು ಬಚ್ಚಲಿಗೆ ನಡೆದೆ.

ಆ ವಾರ ಮನೆಯಲ್ಲಿ ಇನ್ನೂ ಕೆಲವು ವಿಚಿತ್ರಗಳು ನಡೆದವು. ಹುಟ್ಟಿದಾಗಿನಿಂದ ಮುದ್ದೆ ಬಿಟ್ಟಿರದ ಅವ್ವ ಇದ್ದಕ್ಕಿದ್ದಂತೆ, “ಯಾಕೋ ಬಾಯಿಗೆ ರುಚಿಸ್ತಿಲ್ಲ, ಅನ್ನವೇ ಸಾಕು” ಎಂದು ಮುದ್ದೆ ತಿರುವುವುದನ್ನು ನಿಲ್ಲಿಸಿದಳು. ಸಂಜೆಯಾದರೆ ದೇವರಿಗೆ ಹೂವು ತರುತ್ತೇನೆಂದು ಮಾರ್ಕೆಟ್ಟಿನ ಕಡೆ ಹೊರಟುಬಿಡುತ್ತಿದ್ದಳು. ಸುಶೀಲ ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ನಾನು ದೊಡ್ಡ ವೀಕ್ಷಕ, ಇದೊಂದನ್ನೂ ವೀಕ್ಷಿಸಲಿಲ್ಲ. ವಾರದ ಕೊನೆಗೆ ಅವ್ವ ದೇವರ ಗೂಡಿನ ಮುಂದೆ ನಿಂತು ತೀರ್ಪು ಕೊಟ್ಟಳು. “ಒಂದೇ ಒಂದು ಕೆಟ್ಟದ್ದು ಆಗ್ಲಿಲ್ಲ. ಬಂಗಾರದಂಥ ಕಲ್ಲು. ಕಟ್ಟಿಸ್ರಪ್ಪ.” ಸುಶೀಲ ಅಲ್ಲೇ ಅವಳ ಕಾಲಿಗೆ ಬಿದ್ದಳು. ನಾನು ಮೊಣಕಾಲು ಬಾಗದ ಕಾರಣ ನಿಂತಲ್ಲೇ ಕೈ ಮುಗಿದೆ.

ತಂಗಿಯ ಮದುವೆಯ ಬೆಳಿಗ್ಗೆ ಸುಶೀಲ ವಜ್ರದ ಮೂಗುಬೊಟ್ಟಿಟ್ಟು, ನಮ್ಮ ಮದುವೆಯ ಹಳೆಯ ಸೀರೆ ಉಟ್ಟು ನಿಂತಳು. “ಈ ಮದುವೆಗೇಂತ ತಂದಿದ್ದ ಹೊಸ ರೇಷ್ಮೆ ಸೀರೆ ಎಲ್ಲಿ?” ಎಂದೆ. ಅವಳು ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ಟ್ರಂಕು ತೆಗೆದು ಸೀರೆ ಬಿಡಿಸಿದಳು. ಸೆರಗಿನ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದಲ್ಲಿ ಸುಟ್ಟಿತ್ತು. “ಕಲ್ಲು ತಂದ ಮೂರನೇ ದಿನ ಆಯ್ತು” ಎಂದು ಅತ್ತೇಬಿಟ್ಟಳು. “ಹೇಳಿದ್ರೆ ವಾಪಸ್ ಕೊಡ್ಬೇಕಾಗ್ತಿತ್ತು ಅತ್ತೆ.” ಅವಳ ಅಳು ನೋಡಲಾರದೆ ನಾನು ಪಂಚೆ ಎತ್ತಿ ಮೊಣಕಾಲು ತೋರಿಸಿದೆ, ಮೀಸೆಯ ಕಥೆಯನ್ನೂ ಹೇಳಿದೆ. ಈಗ ಅವ್ವನ ಕೋಪಕ್ಕೆ ಇಬ್ಬರೂ ತಲೆಯೊಡ್ಡಿ ನಿಂತೆವು. ಅವ್ವ ಸೆರಗು ಸರಿಸಿ ಬಲಗೈ ತೋರಿಸಿದಳು. ಮೊಣಕೈ ಇನ್ನೂ ಊದಿತ್ತು. ಎರಡನೇ ದಿನವೇ ನಲ್ಲಿಯ ಹತ್ತಿರ ಜಾರಿ ಬಿದ್ದಿದ್ದಳಂತೆ. ಮುದ್ದೆ ತಿರುವಲಾಗದೆ ಅನ್ನ ಉಂಡಳಂತೆ. ಹೂವಿನ ನೆಪದಲ್ಲಿ ಮಾರ್ಕೆಟ್ಟಿನ ಹತ್ತಿರ ಎಣ್ಣೆಕಟ್ಟು ಕಟ್ಟುವವನ ಬಳಿ ಹೋಗುತ್ತಿದ್ದಳಂತೆ.

“ಅಲ್ಲವ್ವ, ಇಷ್ಟೆಲ್ಲ ಮುಚ್ಚಿಟ್ಕೊಂಡ ಮೇಲೆ ಪರೀಕ್ಷೆ ಯಾಕೆ ಬೇಕಿತ್ತು?” ಎಂದೆ.

“ಪರೀಕ್ಷೆ ಮಾಡ್ಲೇಬೇಕು ಕಣ್ಲಾ, ಅದು ಪದ್ಧತಿ. ಫೇಲ್ ಮಾಡ್ಲೇಬೇಕು ಅಂತ ಎಲ್ಲೈತೆ? ನೀನೇ ಮೇಷ್ಟ್ರು, ಹುಡುಗ ಒಳ್ಳೇವ್ನು ಅಂತ ಕಂಡ್ರೆ ನೀನು ಎಲ್ಡು ಮಾರ್ಕು ಹೆಚ್ಗೆ ಹಾಕಲ್ವಾ?” ಎಂದಳು ಅವ್ವ. ಸೊಸೆಯ ಗಲ್ಲ ಹಿಡಿದು, ಅವಳ ಮೂಗಿನ ಕಡೆ ತನ್ನ ಮಂಜುಗಣ್ಣಿನಿಂದ ನೋಡಿ, “ಆವತ್ತು ಇದು ಕನ್ನಡಿ ಮುಂದೆ ನಿಂತ್ಕೊಂಡು ನಕ್ಕಿದ್ದು ನಂಗೆ ಕಾಣ್ತು, ಅಷ್ಟು ಸಾಕು” ಎಂದಳು. ಸುಶೀಲ ಅಳುತ್ತಲೇ ನಕ್ಕಳು. ನಾನಂತೂ ಆ ಇಬ್ಬರನ್ನೂ ಆ ಗಳಿಗೆಯಲ್ಲಿ ಪ್ರೀತಿಸಿದಷ್ಟು ಎಂದೂ ಪ್ರೀತಿಸಿರಲಿಲ್ಲ.

ಮಲ್ಲೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಅವ್ವ ಮುಂದೆ ಕೂತಿದ್ದಳು. ನಾನು ಸುಶೀಲಳ ಪಕ್ಕದಲ್ಲಿ ಜಂಬದಿಂದ, “ನೋಡಿದ್ಯಾ, ನಿನ್ನ ಕಲ್ಲಿಗೋಸ್ಕರ ಮೀಸೇನೇ ಕೊಟ್ಟೆ. ಇಂಥ ಗಂಡ ಸಿಗ್ತಾನಾ?” ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡು ಮೆಲ್ಲಗೆ ಹೇಳಿದಳು. “ನೀವು ನನ್ನನ್ನ ನೋಡ್ಕೊಂಡು ಹೋದ ಮೇಲೆ ನಮ್ಮಪ್ಪಾನೂ ಒಂದು ವಾರ ಟೈಮ್ ಕೇಳಿದ್ರು, ನೆನಪಿದ್ಯಾ? ಮನೇಲಿ ಏನೂ ಕೆಟ್ಟದ್ದು ಆಗ್ಲಿಲ್ಲ ಅಂದ್ರೆ ಒಪ್ಕೊಳ್ಳೋಣ ಅಂತ.” ನಾನು ನೆಟ್ಟಗೆ ಕೂತೆ. “ಆಗ್ಲಿಲ್ಲ ಅಲ್ವಾ?” ಎಂದೆ. “ನಾನು ಅಪ್ಪಂಗೆ ಹೇಳ್ಲಿಲ್ಲ” ಎಂದಳು.

ಏನಾಗಿತ್ತೆಂದು ಆ ಬಸ್ಸು ಮಲ್ಲೇಶ್ವರ ಮುಟ್ಟುವವರೆಗೂ ಕೇಳಿದೆ. ಆಮೇಲೆ ವರ್ಷಗಟ್ಟಲೆ ಕೇಳಿದೆ. ಅವಳು ಬಾಯಿ ಬಿಟ್ಟಿಲ್ಲ. ಈಗ ಕೇಳುವುದನ್ನೂ ನಿಲ್ಲಿಸಿದ್ದೇನೆ. ಇಷ್ಟು ಕಾಲ ಅವಳ ಹಾಗೆ ನಾನೂ ನನ್ನ ಜೊತೆಯಲ್ಲೇ ಬಾಳಿದ್ದೇನಲ್ಲ, ಆ ವಾರ ಆದ ಕೆಡುಕು ಚಿಕ್ಕದೇನೂ ಆಗಿರಲಾರದು ಎಂದು ನನಗೇ ಗೊತ್ತಾಗುತ್ತಿದೆ.