ಹೆಂಗಸರಿಗೆ ಅರ್ಧ ಚಾರ್ಜು

ನಾನು ಮಾಡಿದ್ದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಏನು ಬೇಕಾದರೂ ಅಂದುಕೊಳ್ಳಿ. ನಮ್ಮ ಬೀದಿಯವರು ಅಂದುಕೊಂಡಾಗಿದೆ, ನಮ್ಮ ಯಜಮಾನರು ಅಂದುಕೊಂಡಾಗಿದೆ, ಜಟಕಾ ಹೊಡೆಯುವ ಕರೀಂ ಸಾಬರ ಕುದುರೆ ಕೂಡ ನನ್ನನ್ನು ಕಂಡರೆ ಮುಖ ಆ ಕಡೆ ಮಾಡುತ್ತದೆ. ನಿಮ್ಮದೊಂದು ನನಗೆ ಹೆಚ್ಚಾಗುವುದಿಲ್ಲ.

ಊರ ಹೆಸರು ಹೇಳುವುದಿಲ್ಲ. ಚಿತ್ರದುರ್ಗ ಜಿಲ್ಲೆಯದು ಅಂತ ತಿಳಿದುಕೊಂಡರೆ ಸಾಕು. ನಮ್ಮ ಯಜಮಾನರು ಅಲ್ಲಿನ ಪುರಸಭೆಯಲ್ಲಿ ಗುಮಾಸ್ತರು, ಅವರ ಪಿಂಚಣಿ ಇನ್ನೂ ಕೈಗೆ ಬಂದಿಲ್ಲ. (ಅವರ ಹೆಸರನ್ನೂ ನಾನು ಹೇಳುವುದಿಲ್ಲ. ಅದಕ್ಕೆ ಕಾರಣ ಪಿಂಚಣಿಯಲ್ಲ, ಗಂಡನ ಹೆಸರು ಹೇಳುವ ವಾಡಿಕೆ ನಮ್ಮಲ್ಲಿಲ್ಲ.)

ಪುರಸಭೆಯ ಮೀಟಿಂಗು ಪ್ರತಿ ತಿಂಗಳ ಎರಡನೇ ಗುರುವಾರ. ಆ ಮೀಟಿಂಗಿನಲ್ಲಿ ಯಾರು ಏನು ಚರ್ಚಿಸಿದರು, ಏನು ತೀರ್ಮಾನವಾಯಿತು ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆದಿಡಬೇಕು. ಅದು ಬುಧವಾರವೇ ಬರೆದು ಮುಗಿದಿರುತ್ತದೆ. ನೀವು ಆಶ್ಚರ್ಯಪಡುವುದೇನೂ ಬೇಡ. ಏನೇನು ತೀರ್ಮಾನವಾಗಬೇಕೆಂದು ಅಧ್ಯಕ್ಷರಾದ ದೊಡ್ಡತಿಮ್ಮಪ್ಪನವರು ಮಂಗಳವಾರ ಹೇಳುತ್ತಾರೆ, ಯಜಮಾನರು ಒಂದು ಹಾಳೆಯಲ್ಲಿ ಗೀಚಿಕೊಳ್ಳುತ್ತಾರೆ, ಗುರುವಾರ ಸದಸ್ಯರು ಬಂದು ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಮುಗಿಸಿ ಸಹಿ ಹಾಕುತ್ತಾರೆ. ಎಣ್ಣೆ ಕೈಯಲ್ಲಿ ಯಾರೂ ಪುಟ ತಿರುವುವುದಿಲ್ಲ.

ಇದರಲ್ಲಿ ನನ್ನ ಪಾತ್ರವೇನೆಂದರೆ, ಯಜಮಾನರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ನಾನೋ ಹರಿಯಬ್ಬೆಯ ಕುರಿಹಟ್ಟಿಯಿಂದ ಶಾಲೆಗೆ ಹೋದ ಮೊದಲ ಹೆಣ್ಣು, ಲೋಯರ್ ಸೆಕೆಂಡರಿ ಪಾಸು, ಮುತ್ತು ಪೋಣಿಸಿದ ಹಾಗೆ ಬರೆಯುತ್ತೇನೆ. ಆದ್ದರಿಂದ ಗೀಚಿದ ಹಾಳೆಯನ್ನು ನೋಡಿ ಪುಸ್ತಕಕ್ಕೆ ಚೊಕ್ಕವಾಗಿ ಇಳಿಸುವ ಘನಕಾರ್ಯ ಹನ್ನೊಂದು ವರ್ಷದಿಂದ ನನ್ನದು. ನಮ್ಮೂರಿನ ಚರಂಡಿ, ಬೀದಿಯ ನಲ್ಲಿ, ಬೀದಿದೀಪ, ಹಂದಿ ಹಿಡಿಯುವ ಕಂಟ್ರಾಕ್ಟು, ಎಲ್ಲವೂ ನನ್ನ ಅಡಿಗೆಮನೆಯ ಮಣೆಯ ಮೇಲೆ ಜನ್ಮ ತಾಳಿದಂಥವು. ಎಷ್ಟೋ ಬುಧವಾರ ಒಗ್ಗರಣೆ ಸೀದುಹೋಗಿದೆ, ಆದರೆ ಒಂದು ಠರಾವಿನಲ್ಲೂ ಕಾಗುಣಿತ ತಪ್ಪಿಲ್ಲ. ಈ ಸಂಗತಿ ಗೊತ್ತಿದ್ದವರು ನಾವಿಬ್ಬರೇ.

ಎಪ್ಪತ್ತೈದನೇ ಇಸವಿಯ ಫೆಬ್ರವರಿ ತಿಂಗಳು. ಹಾಳೆ ಮುಂದಿಟ್ಟುಕೊಂಡು ಬರೆಯುತ್ತಾ ಹೋದವಳಿಗೆ ಐದನೇ ವಿಷಯಕ್ಕೆ ಕೈ ನಿಂತುಹೋಯಿತು. 'ಹುಲ್ಲು ಹುರುಳಿಯ ಬೆಲೆ ಏರಿರುವ ಕಾರಣ ಜಟಕಾದವರು ತಲೆಗೆ ಐವತ್ತು ಪೈಸೆ ಕೋರಿದ್ದಾಗ್ಯೂ, ಸದಸ್ಯರು ಕೂಲಂಕಷವಾಗಿ ಚರ್ಚಿಸಿ, ಸದರಿ ದರವನ್ನು ಇಪ್ಪತ್ತೈದರಿಂದ ನಲವತ್ತು ಪೈಸೆಗೆ ಏರಿಸಲು ಸರ್ವಾನುಮತದಿಂದ ತೀರ್ಮಾನಿಸಿದರು.'

ನನ್ನ ಅವ್ವ ಕೆಂಚಕ್ಕ ಪ್ರತಿ ಸೋಮವಾರ ಹರಿಯಬ್ಬೆಯಿಂದ ಬಸ್ಸಿನಲ್ಲಿ ಬಂದು, ಮಧ್ಯಾಹ್ನದವರೆಗೆ ನನ್ನ ಮುಖ ನೋಡಿಕೊಂಡು ಹೋಗುತ್ತಿದ್ದಳು. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಒಂದು ಮೈಲಿ, ಅದೂ ಏರು. ಅವಳಿಗೆ ಮಂಡಿ ನೋವು, ಜಟಕಾ ಇಲ್ಲದೆ ಆಗುವುದಿಲ್ಲ. ಕುರಿ ಮಾರುವಾಗ ಹತ್ತು ರೂಪಾಯಿ ಬಿಟ್ಟುಕೊಟ್ಟಾಳು, ಜಟಕಾದವರಿಗೆ ಐದು ಪೈಸೆ ಬಿಡುವವಳಲ್ಲ. ಹಿಂದಿನ ಸಲ ದರ ಇಪ್ಪತ್ತೈದಕ್ಕೆ ಏರಿದಾಗಲೇ, ಈ ನಾಲ್ಕಾಣೆಯ ಮೇಲೆ ಒಂದು ಕಾಸು ಹೆಚ್ಚಾದರೂ ತಾನು ಬರುವುದಿಲ್ಲ ಎಂದು ಜಗಲಿಯ ಮೇಲೆ ಕೂತು ಘೋಷಿಸಿದ್ದಳು. ನಾನು ಕೊಡುತ್ತೇನೆ ಅಂದರೆ, ಮಗಳ ಮನೆಯ ದುಡ್ಡು ಮುಟ್ಟುವಷ್ಟು ಗತಿಗೆಟ್ಟಿಲ್ಲ ಅನ್ನುತ್ತಾಳೆ. ಅಂದರೆ ಈ ಠರಾವನ್ನು ನಾನು ಬರೆದರೆ ನನ್ನ ಸೋಮವಾರವನ್ನು ನನ್ನ ಕೈಯಾರೆ ಅಳಿಸಿಕೊಂಡ ಹಾಗೆ.

ಯಜಮಾನರ ಹತ್ತಿರ ಹೇಳಿನೋಡಿದೆ. ಮೀಟಿಂಗಿನಲ್ಲಿ ಒಂದು ಮಾತು ಆಕ್ಷೇಪಣೆ ಎತ್ತಿ ಅಂದೆ. ಅವರು ಕನ್ನಡಕ ಒರೆಸಿಕೊಂಡು, "ಗುಮಾಸ್ತ ಬರೀತಾನೆ ಕಣೆ, ಚರ್ಚೆ ಮಾಡಲ್ಲ" ಅಂದರು.

"ಬರಿಯೋಳು ನಾನಲ್ವಾ ಮತ್ತೆ?"

"ನೀನು ಬರಿಯಲ್ಲ. ನೋಡ್ಕಂಡು ಬರೀತೀಯ."

ಹೀಗೆಂದು ಅಂಗಿಗೆ ಇಸ್ತ್ರಿ ಹಾಕಿಸಲು ಹೊರಟುಹೋದರು. ಹನ್ನೊಂದು ವರ್ಷದ ಸೇವೆಗೆ ಸಿಕ್ಕ ಮರ್ಯಾದೆ ಇದು. ನನಗೆ ಮೈಯೆಲ್ಲ ಉರಿದುಹೋಯಿತು. ಸರಿ, ಇವತ್ತು ನೋಡಿಕೊಳ್ಳದೆಯೇ ಬರೆಯೋಣ ಎಂದು ಪೆನ್ನಿಗೆ ಇಂಕು ತುಂಬಿದೆ.

ನಲವತ್ತು ಪೈಸೆಯ ಮುಂದೆ ನಾನು ಸೇರಿಸಿದ್ದು ಇಷ್ಟೇ. 'ಅಂತರರಾಷ್ಟ್ರೀಯ ಮಹಿಳಾ ವರ್ಷದ ಪ್ರಯುಕ್ತ ಹೆಂಗಸರಿಂದ ಅರ್ಧ ದರ, ಅಂದರೆ ಇಪ್ಪತ್ತು ಪೈಸೆ ಮಾತ್ರ ಪಡೆಯತಕ್ಕದ್ದು. ಒಂದು ಪೈಸೆ ಹೆಚ್ಚು ಪಡೆದಲ್ಲಿ ಐದು ರೂಪಾಯಿ ದಂಡ ಹಾಗೂ ಒಂದು ತಿಂಗಳು ಲೈಸೆನ್ಸು ರದ್ದು.' (ಮಹಿಳಾ ವರ್ಷದ ಸುದ್ದಿಯನ್ನು ರೇಡಿಯೋದವರು ಬೆಳಿಗ್ಗೆ ಸಂಜೆ ಹೇಳುತ್ತಿದ್ದರು. ಒಂದು ಉಪಯೋಗಕ್ಕಾದರೂ ಬರಲಿ ಅನ್ನಿಸಿತು.) ದಂಡದ ಮಾತನ್ನು ಬರೆಯುವಾಗ ಬಹಳ ಹಿತವಾಯಿತು.

ಗುರುವಾರ ಬಜ್ಜಿ ಮುಗಿಯಿತು, ಸಹಿ ಬಿತ್ತು. ಮುಂದಿನ ವಾರ ಬಸ್ ಸ್ಟ್ಯಾಂಡಿನಲ್ಲಿ ತಗಡಿನ ಬೋರ್ಡು ನಿಂತಾಗಲೇ ಅಧ್ಯಕ್ಷರಿಗೆ ತಾವು ಏನು ತೀರ್ಮಾನಿಸಿದ್ದೇವೆಂದು ಗೊತ್ತಾದದ್ದು. ಅವರು ಸಿಟ್ಟಾಗುವಷ್ಟರಲ್ಲಿ ದುರ್ಗದ ಕಡೆಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಬೋರ್ಡು ಓದಿ, ಜಿಲ್ಲೆಯಲ್ಲೇ ಇಂಥ ಕೆಲಸ ಯಾರೂ ಮಾಡಿಲ್ಲ ಎಂದು ಅವರ ಕೈ ಕುಲುಕಿಬಿಟ್ಟರಂತೆ. ಇದು ನನ್ನ ಬಹುದಿನದ ಕನಸು ಎಂದು ದೊಡ್ಡತಿಮ್ಮಪ್ಪನವರು ಹಾರ ಹಾಕಿಸಿಕೊಂಡರಂತೆ. ಯಜಮಾನರು ಮನೆಗೆ ಬಂದು ಪುಸ್ತಕ ಬಿಚ್ಚಿ ಪುಟ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪುಟ ನೋಡಿದರು. ಬೈಯುವ ಹಾಗಿಲ್ಲ, ಬೈದರೆ ಬರೆದವರು ಯಾರೆಂದು ಬೀದಿಗೆ ಗೊತ್ತಾಗುತ್ತದೆ. ಎರಡು ಮುದ್ದೆ ಉಂಡು ಎದ್ದರು.

ಸೋಮವಾರ ಬಂತು. ಅವರೆಕಾಳಿನ ಸಾರು ಮಾಡಿ, ಚಾಪೆ ಹಾಸಿ, ಬಾಗಿಲಲ್ಲಿ ನಿಂತೆ. ಹನ್ನೊಂದು ಗಂಟೆಗೆ ಕರೀಂ ಸಾಬರ ಜಟಕಾ ಬಂತು. ಅದರಲ್ಲಿ ಮೂರು ಜನ ಗಂಡಸರಿದ್ದರು, ಕಾಲ ಬಳಿ ಅವ್ವನ ಕೆಂಪು ವಸ್ತ್ರದ ಗಂಟಿತ್ತು. ಅವ್ವ ಇರಲಿಲ್ಲ.

ಅವ್ವ ಎಲ್ಲಿ ಎಂದು ಕೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ, ಗಂಟು ಮಾತ್ರ ಕೊಟ್ಟು ಕಳಿಸಿದ್ದಾಳೆ ಅಂದರು ಕರೀಂ ಸಾಬರು.

"ಗಂಟು ತಂದೋರು ಅವ್ರನ್ನ ಯಾಕೆ ತರ್ಲಿಲ್ಲ?"

"ಗಂಟಿಗೆ ಅರ್ಧ ಚಾರ್ಜು ಇಲ್ಲ ಜಯಕ್ಕ, ಹೆಂಗಸ್ರಿಗೆ ಐತೆ. ನಾಕು ಜನ ಹೆಂಗಸ್ರು ಕುಂತ್ರೆ ನಂಗೆ ಎಂಬತ್ತು ಪೈಸೆ, ಗಂಡಸ್ರು ಕುಂತ್ರೆ ಒಂದು ರೂಪಾಯಿ ಅರವತ್ತು. ಹೆಂಗಸ್ರನ್ನ ಎಳ್ದಿದೀನಿ ಅಂತ ಕುದುರೆ ಅರ್ಧ ಹುರುಳಿ ತಿಂದು ಸುಮ್ಕಿರುತ್ತಾ?"

ಪೂರ್ತಿ ಚಾರ್ಜು ನಾನೇ ಕೊಡುತ್ತೇನೆ, ಹೋಗಿ ಕರೆದುಕೊಂಡು ಬನ್ನಿ ಅಂದೆ. ಅವರು ತಲೆಯಾಡಿಸಿದರು.

"ಪೂರ್ತಿ ಇಸ್ಕಂಡ್ರೆ ಐದು ರೂಪಾಯಿ ದಂಡ, ಲೈಸೆನ್ಸ್ ರದ್ದು. ಬೋರ್ಡ್‌ನಾಗೆ ಬರ್ದೈತೆ. ಯಾವನೋ ಬಲು ತಲೆ ಓಡ್ಸಿ ಬರ್ದವ್ನೆ ಅಕ್ಕ, ಎಲ್ಲೂ ಸಂದು ಬಿಟ್ಟಿಲ್ಲ. ಹೆಂಗಸ್ರನ್ನ ಹತ್ತಿಸ್ಕಳ್ಲೇಬೇಕು ಅಂತ ಬರಿಯಾದೊಂದು ಮರ್ತವ್ನೆ."

ಬರಹಗಾರರಿಗೆ ಇಂಥ ವಿಮರ್ಶೆ ಬರಬಾರದು. ಸೆರಗು ಬಿಗಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಬೋರ್ಡಿನ ಕೆಳಗೆ ಹತ್ತು ಹದಿನೈದು ಜನ ಹೆಂಗಸರು ಮೂಟೆ, ಕೂಸು, ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದರು, ಗಂಡಸರು ಕಾಲಾಡಿಸುತ್ತಾ ಜಟಕಾ ಹತ್ತಿ ಹೋಗುತ್ತಿದ್ದರು. ಅವ್ವ ಅವರಲ್ಲಿರಲಿಲ್ಲ. ಎರಡು ಗಂಟೆ ಕಾದು, ಬಂದ ಬಸ್ಸಿನಲ್ಲೇ ವಾಪಸು ಹೋದಳಂತೆ. ಮನೆಗೆ ಬಂದು ಗಂಟು ಬಿಚ್ಚಿದರೆ ತುಪ್ಪದ ಕುಡಿಕೆ, ಒಂದಷ್ಟು ಕಡಲೆಕಾಯಿ, ನನಗೆ ಇಷ್ಟವಾದ ಹುರಿಗಡಲೆ ಉಂಡೆ. ಉಂಡೆ ಬಾಯಿಗೆ ಹಾಕಿಕೊಂಡು ಅತ್ತೆ, ಅದರಲ್ಲಿ ನನಗೇನೂ ನಾಚಿಕೆಯಿಲ್ಲ.

ಹೀಗೇ ಮೂರು ಸೋಮವಾರ ಗಂಟು ಬಂತು, ಅವ್ವ ಬರಲಿಲ್ಲ. ಬೀದಿಯಲ್ಲಿ ಹೆಂಗಸರ ಶಾಪ ಧಾರಾಕಾರ. ಪಕ್ಕದ ಮನೆಯ ಮರುಳಸಿದ್ದಮ್ಮ ತುಂಬು ಬಸುರಿ ಮಗಳನ್ನು ಬಿಸಿಲಲ್ಲಿ ನಡೆಸಿಕೊಂಡು ಬಂದವಳು, ಆ ರೂಲು ಬರೆದವನ ಕೈ ಸೇದಿಹೋಗಲಿ ಅಂದಳು. ಸುಮ್ಮನಿದ್ದರೆ ಅನುಮಾನ ಬಂದೀತೆಂದು ನಾನೂ ಹೋಗಲಿ ಅಂದೆ.

ಯಜಮಾನರಿಗೆ ತಿದ್ದಿಬಿಡಿ ಎಂದು ಹೇಳಿದೆ. ಸಹಿಯಾದ ನಡವಳಿಯನ್ನು ಬ್ರಹ್ಮ ಬಂದರೂ ತಿದ್ದುವಂತಿಲ್ಲ, ಹೊಸ ಠರಾವೇ ಆಗಬೇಕು, ಅಧ್ಯಕ್ಷರು ತಮ್ಮ ಬಹುದಿನದ ಕನಸನ್ನು ತಾವಾಗಿ ಬಿಡುವುದಿಲ್ಲ, ಹೆಂಗಸರೇ ಬಂದು ಬೇಡ ಅಂದರೆ ನೋಡಬಹುದು ಎಂದರು. ನಾನೇ ಹೋಗುತ್ತೇನೆ ಅಂದೆ. ಅವರು ಗಾಬರಿಯಾಗಿ, ಹೋಗುವುದಾದರೆ ಹೆಚ್ಚು ಮಾತಾಡಬೇಡ ಎಂದು ಮೂರು ಸಲ ಹೇಳಿದರು. ಮೂರು ಸಲ ಹೇಳಿದ್ದೇ ಕೆಟ್ಟದ್ದಾಯಿತು.

ಅರ್ಜಿ ಬರೆದೆ. ನಮಗೆ ಅರ್ಧ ಚಾರ್ಜು ಬೇಡ, ಗಂಡಸರಷ್ಟೇ ಪಡೆದು ಜಟಕಾ ಹತ್ತಿಸಿಕೊಳ್ಳಬೇಕು ಎಂದು. (ಮೂರು ವಾರ ಬಸ್ ಸ್ಟ್ಯಾಂಡಿನಲ್ಲಿ ಕೂತು ಸಾಕಾದ ಅವ್ವ ನಲವತ್ತಕ್ಕೂ ಒಪ್ಪಿಯಾಳು ಎಂದು ನನ್ನ ಲೆಕ್ಕ.) ಮನೆಮನೆಗೆ ಹೋಗಿ ನಲವತ್ತು ಜನರ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಮಾರ್ಚ್ ತಿಂಗಳ ಎರಡನೇ ಗುರುವಾರ ಅರ್ಜಿ ಹಿಡಿದು ನೇರ ಮೀಟಿಂಗಿಗೆ ನುಗ್ಗಿದೆ. ಹೆಂಗಸೊಬ್ಬಳು ಆ ಹೊಸಿಲು ದಾಟಿದ್ದು ಅದೇ ಮೊದಲಿರಬೇಕು, ಸದಸ್ಯರು ಬಜ್ಜಿಯ ತಟ್ಟೆಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಮೂಲೆಯಲ್ಲಿ ಕೂತಿದ್ದ ಯಜಮಾನರು ನನ್ನ ಕಡೆ ನೋಡಲೇ ಇಲ್ಲ.

ಅಧ್ಯಕ್ಷರು ಅರ್ಜಿ ಓದಿಸಿದರು. ಮಹಿಳೆಯರ ಮೇಲೆ ನಮಗೆ ಕನಿಕರವಿದೆ, ಪಾಪ, ನಿಮ್ಮ ಕೈಯಲ್ಲಿ ನಲವತ್ತು ಪೈಸೆ ಎಲ್ಲಾಗುತ್ತದೆ ಎಂದು ನಕ್ಕರು. ಆ 'ಪಾಪ' ನನಗೆ ನೆತ್ತಿಗೇರಿತು.

"ನಿಮ್ಮ ಕನಿಕರ ನಿಮ್ಮತ್ರಾನೇ ಇರ್ಲಿ ಸ್ವಾಮಿ," ಅಂದೆ. "ನಾವೇನು ಭಿಕ್ಷೆಗೆ ಬಂದಿಲ್ಲ. ಕೊಡಾದು ಕೊಟ್ಟು ಕುಂತ್ಕಂತೀವಿ. ನಲವತ್ತಲ್ಲ, ಎಂಟಾಣೆ ಆದ್ರೂ ಕೊಡ್ತೀವಿ. ಗಂಡಸ್ರು ಎಷ್ಟು ಕೊಡ್ತಾರೋ ಅಷ್ಟೇ, ಒಂದು ಪೈಸೆ ಕಮ್ಮಿ ಇಲ್ಲ."

ಎಂಥಾ ಮಾತಾಡಿದೆ ಎಂದು ನನಗೇ ರೋಮಾಂಚನವಾಯಿತು. ಆಮೇಲೆ ಜಟಕಾ ಸ್ಟ್ಯಾಂಡಿನ ಕಡೆಯ ಸದಸ್ಯರೊಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅಧ್ಯಕ್ಷರು ಎದ್ದು ಕೈಮುಗಿದು, "ತಾಯೀ, ನೀವೇ ಎಂಟಾಣೆ ಅಂದ್ಮೇಲೆ ಕಮ್ಮಿ ಮಾಡಿ ನಿಮ್ಮ ಸ್ವಾಭಿಮಾನಕ್ಕೆ ಅವಮಾನ ಮಾಡಲ್ಲ. ಬರ್ಕಳಪ್ಪ ಚಿತ್ತಯ್ಯ, ಎಲ್ರಿಗೂ ಐವತ್ತು ಪೈಸೆ" ಅಂದರು. (ಯಜಮಾನರ ಹೆಸರು ಹೇಳಿದ್ದು ಅವರು, ನಾನಲ್ಲ.)

ಹಾಗಲ್ಲ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಯಜಮಾನರು ಬರೆದು ಮುಗಿಸಿದ್ದರು. ನಮ್ಮೂರ ಪುರಸಭೆಯ ಇತಿಹಾಸದಲ್ಲಿ ಮೀಟಿಂಗು ನಡೆಯುವಾಗಲೇ ನಡವಳಿ ಬರೆದದ್ದು ಅವತ್ತೊಂದೇ ದಿನ. ಅದೂ ಸ್ವಂತ ಕೈಯಲ್ಲಿ, ದುಂಡಗೆ.

ತಗಡಿನ ಬೋರ್ಡಿಗೆ ಹೊಸ ಬಣ್ಣ ಬಿತ್ತು. 'ಶ್ರೀಮತಿ ಜಯಕ್ಕ ಮತ್ತು ಇತರ ಮಹಿಳೆಯರ ಕೋರಿಕೆಯ ಮೇರೆಗೆ, ಎಲ್ಲರಿಗೂ ಐವತ್ತು ಪೈಸೆ.' ಸಹಿ ಹಾಕಿದ ನಲವತ್ತು ಜನರೂ ನನ್ನ ಜೊತೆ ಮಾತು ಬಿಟ್ಟರು. ಹೆಬ್ಬೆಟ್ಟು ಒತ್ತಿದವರಂತೂ ಆ ಹೆಬ್ಬೆಟ್ಟನ್ನು ನನ್ನೆದುರೇ ಆಡಿಸಿ ತೋರಿಸಿದರು.

ಮುಂದಿನ ಸೋಮವಾರ ಅವ್ವ ಬಂದಳು. ಜಟಕಾದಲ್ಲಿ ಅಲ್ಲ, ನಡೆದುಕೊಂಡು, ಮೂರು ಕಡೆ ಕೂತು ಸುಧಾರಿಸಿಕೊಂಡು. ಬೋರ್ಡನ್ನು ಯಾರ ಕೈಲೋ ಓದಿಸಿಕೊಂಡು ಬಂದಿದ್ದಳು. ನೀರು ಕೊಟ್ಟೆ, ಕುಡಿಯಲಿಲ್ಲ.

"ಎಂಟಾಣೆ ಮಾಡ್ಸಿದ್ದು ನೀನೇನಾ?"

"ಹೂಂ ಕಣವ್ವ."

"ಯಾಕೆ?"

"ನೀನು ಬರ್ಲಿ ಅಂತ."

ಅವ್ವ ತನ್ನ ಮಂಡಿ ನೋಡಿಕೊಂಡಳು, ನನ್ನನ್ನು ನೋಡಿದಳು. "ನಿನ್ನ ಇಸ್ಕೂಲಿಗೆ ಕಳ್ಸಾಕೆ ನಿಮ್ಮಪ್ಪ ಎರಡು ಕುರಿ ಮಾರಿದ್ದ. ಕುರಿನೇ ಇಟ್ಕಂಡಿದ್ರೆ ಆಗಾದು" ಅಂದಳು. ಇನ್ನು ಮೇಲೆ ಸೋಮವಾರ ನೀನೇ ಹರಿಯಬ್ಬೆಗೆ ಬಾ ಎಂದೂ ಅಂದಳು.

ಈಗ ವಾರವಾರವೂ ಎಂಟಾಣೆ ತೆತ್ತು ಬಸ್ ಸ್ಟ್ಯಾಂಡಿಗೆ ಹೋಗುವವಳು ನಾನು. ಹೋದ ಸೋಮವಾರ ಕರೀಂ ಸಾಬರ ಜಟಕಾದಲ್ಲಿ ನನ್ನ ಜೊತೆ ಮೂರು ಜನ ಹೆಂಗಸರಿದ್ದರು, ಮರುಳಸಿದ್ದಮ್ಮನೂ ಇದ್ದಳು. ಒಬ್ಬರೂ ತುಟಿ ಬಿಚ್ಚಲಿಲ್ಲ. ನನಗೆ ರೋಸಿಹೋಗಿ, ಎಂಟಾಣೆ ಅಂದದ್ದು ನಾನೇ, ಇಪ್ಪತ್ತು ಪೈಸೆ ಬರೆದದ್ದೂ ನಾನೇ, ಆ ದಂಡ ಹಾಕಿದ್ದೂ ನಾನೇ, ಏನು ಮಾಡುತ್ತೀರೋ ಮಾಡಿ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಮೂವರೂ ಜಟಕಾ ನಿಲ್ಲಿಸಿ ಇಳಿದು ನಡೆದುಹೋದರು. ಕರೀಂ ಸಾಬರು ಹಿಂದೆ ತಿರುಗಿ, ನಾಲ್ಕು ಜನರ ಬಾಡಿಗೆ ಎರಡು ರೂಪಾಯಿ ಆಗುತ್ತದೆ ಅಂದರು. ಕೊಟ್ಟೆ. ಕಾಲು ಚಾಚಿ ಕೂತು ಹೋದೆ.