ನನ್ನ ಕಾಯಿಲೆ ನಿಮಗ್ಯಾಕೆ?

ನನ್ನ ಸೋದರಮಾವನಿಗೆ ಏನು ಕಾಯಿಲೆ ಎಂಬುದು ಮೊನ್ನೆಮೊನ್ನೆಯವರೆಗೆ ದೇವರಿಗೂ ಗೊತ್ತಿರಲಿಲ್ಲ! ಆಸ್ಪತ್ರೆಗೆ ಹೊರಡುವ ದಿನ ಅವರು ದೇವರ ಮನೆಯಲ್ಲಿ ನಿಂತು "ಕಾಪಾಡಪ್ಪಾ" ಎನ್ನುತ್ತಿದ್ದರಂತೆ. ಯಾವುದರಿಂದ ಕಾಪಾಡಬೇಕು ಎಂಬುದನ್ನು ಮಾತ್ರ ಬಾಯಿ ಬಿಟ್ಟು ಹೇಳುತ್ತಿರಲಿಲ್ಲವಂತೆ. ಇದು ನಮ್ಮತ್ತೆಯ ದೂರು. ಮಾವನ ಹೆಸರನ್ನು ಮಾತ್ರ ಕೇಳಬೇಡಿ. ಹೆಸರು ಹಾಕುವುದಿಲ್ಲ, ಜಯನಗರದ ಯಾವ ಬ್ಲಾಕು ಎಂದು ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡ ಮೇಲೆಯೇ ಇದನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.

ಮೊದಲು ಹೀಗಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ, ಕಾಫಿ, ಪೇಪರು, ಪಾರ್ಕು ಎಂದು ನೆಮ್ಮದಿಯಾಗಿದ್ದ ಮನುಷ್ಯ. ಆ ಪೇಪರಿನಲ್ಲೇ ಒಂದು ಬೆಳಿಗ್ಗೆ, ರೋಗಿಯ ಮಾಹಿತಿ ರೋಗಿಗೇ ಸೇರಿದ್ದು, ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬ ಲೇಖನ ಓದಿಬಿಟ್ಟರು. ಅವತ್ತಿನಿಂದ ನನ್ನ ಮಾನ ಹರಾಜಾಗಲು ಶುರುವಾಯಿತು. ಯಾಕೆಂದರೆ ಅತ್ತೆಗೆ ಮಂಡಿನೋವು. ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ಪಕ್ಕದ ರಸ್ತೆಯಲ್ಲೇ ಇರುವ ನನ್ನದು.

ಮೊದಲ ಮರ್ಯಾದೆ ಹೋದದ್ದು ಮೆಡಿಕಲ್ ಶಾಪಿನಲ್ಲಿ.

"ಫೋನ್ ನಂಬರ್ ಹೇಳಿ ಸಾರ್."

"ಯಾಕೆ?"

"ಬಿಲ್ಲಿಗೆ ಸಾರ್."

"ಮಾತ್ರೆ ನುಂಗೋದು ನಾನಾ, ನನ್ನ ಫೋನಾ?"

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ನಾನು ಕೆಮ್ಮಿನ ಔಷಧಿಯ ಜಾಹೀರಾತನ್ನು ಪರೀಕ್ಷೆಗೆ ಓದುವವಳಂತೆ ಓದತೊಡಗಿದೆ. ಕೊನೆಗೆ ಮಾವ ಬಹಳ ಉದಾರವಾಗಿ, "ಬೇಕೇ ಬೇಕು ಅಂದ್ರೆ ಇವಳ ನಂಬರ್ ಬರ್ಕೊಳ್ಳಿ" ಎಂದರು! ಆಮೇಲೆ ಹೋದಲ್ಲೆಲ್ಲ ಅದೇ ಪದ್ಧತಿಯಾಯಿತು. ಅವರ ಗುಟ್ಟನ್ನು ಕಾಪಾಡಲು ನನ್ನ ನಂಬರು ಊರೆಲ್ಲ ಹಂಚಿಹೋಯಿತು. ಈಗ ಜಯನಗರದ ಲ್ಯಾಬಿನವರೆಲ್ಲ ನನಗೆ ಫೋನು ಮಾಡಿ, ಹಿರಿಯ ನಾಗರಿಕರಿಗೆ ವಿಶೇಷ ರಿಯಾಯಿತಿ ಇದೆ ಬನ್ನಿ ಅಂಕಲ್ ಎನ್ನುತ್ತಾರೆ. ನನಗಿನ್ನೂ ನಲವತ್ತು ತುಂಬಿಲ್ಲ ಸ್ವಾಮಿ!

ಡಾಕ್ಟರ ಕೋಣೆಯಲ್ಲಿ ನಡೆದದ್ದು ಇನ್ನೊಂದು. ನಮ್ಮ ಕಡೆಯ ಕ್ಲಿನಿಕ್ಕುಗಳು ನಿಮಗೆ ಗೊತ್ತಲ್ಲ? ಒಬ್ಬರು ನಾಲಿಗೆ ಚಾಚಿ ಕೂತಿದ್ದರೆ, ಮುಂದಿನ ಇಬ್ಬರು ಅಲ್ಲೇ ಬೆಂಚಿನ ಮೇಲೆ ಕೂತು ಆ ನಾಲಿಗೆಯನ್ನು ನೋಡುತ್ತಿರುತ್ತಾರೆ. ಮಾವ ಒಳಗೆ ಹೋದವರೇ, "ಇವ್ರೆಲ್ಲ ಯಾರು ಡಾಕ್ಟ್ರೇ?" ಎಂದರು.

"ನಿಮ್ಮ ನಂತರದವರು."

"ಹಾಗಾದ್ರೆ ನನ್ನ ನಂತರ ಬರ್ಲಿ."

ಪಾಪ, ಅವರಿಬ್ಬರೂ ಎದ್ದು ಹೊರಗೆ ಹೋದರು. ಮಾವ ನನ್ನತ್ತ ತಿರುಗಿ, "ನೀನೂ ಹೋಗು ಪುಟ್ಟಿ" ಎಂದರು. ಹೊರಗೆ ಆ ಇಬ್ಬರ ಉರಿನೋಟದ ನಡುವೆ ನಾನು ಕುಗ್ಗಿ ಕೂತಿದ್ದಾಗ ಒಳಗಿನಿಂದ ಡಾಕ್ಟರ ಧ್ವನಿ ಕೇಳಿಸಿತು: "ಸಾರ್, ನಂಗಾದ್ರೂ ಹೇಳ್ತೀರೋ ಇಲ್ವೋ?"

ರಿಸೆಪ್ಷನ್ನಿನ ಹುಡುಗಿಗೂ ಅವರು ತಾಕೀತು ಮಾಡಿದ್ದರು. ಅಷ್ಟು ಜನರ ಮುಂದೆ ಹೆಸರು ಹಿಡಿದು ಕೂಗಬಾರದು ಎಂದು. ಅವಳು ಶಿಸ್ತಾಗಿ ಪಾಲಿಸಿದಳು. ಸರದಿ ಬಂದಾಗ ಎದ್ದು ನಿಂತು ಇಡೀ ಹಾಲಿಗೆ ಕೇಳುವಂತೆ, "ಹೆಸ್ರು ಕೂಗ್ಬೇಡಿ ಅಂದ ಅಂಕಲ್, ಬನ್ನಿ!" ಎಂದಳು.

ಇನ್ನು ನನ್ನಿಂದಾಗುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಳೆದ ತಿಂಗಳು ಮತ್ತೆ ಹೋಗಬೇಕಾಯಿತು.

ಸೋಮವಾರವಾದ್ದರಿಂದ ಕ್ಲಿನಿಕ್ಕಿನ ಹಾಲ್ ಜನರಿಂದ ತುಂಬಿತ್ತು. ನಮ್ಮ ಮುಂದೆ ಕೌಂಟರಿನ ಹತ್ತಿರ ಕಾಲೇಜು ಬ್ಯಾಗು ಎದೆಗವಚಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ಏನೋ ಪಿಸುಗುಟ್ಟಿದಳು. ರಿಸೆಪ್ಷನ್ನಿನವಳು ತಲೆಯೆತ್ತದೆ, ಎಂದಿನ ಕಂಚಿನ ಕಂಠದಲ್ಲಿ ಕೇಳಿದಳು:

"ಪ್ರೆಗ್ನೆನ್ಸಿ ಟೆಸ್ಟಾ? ಮಿಸ್ಸಾ, ಮಿಸೆಸ್ಸಾ?"

ಹಾಲಿನಲ್ಲಿದ್ದವರೆಲ್ಲ ಅತ್ತ ತಿರುಗಿದರು. ಹುಡುಗಿ ಕಲ್ಲಾದಳು. ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬರು ಕನ್ನಡಕ ಸರಿಮಾಡಿಕೊಂಡು ಕತ್ತು ಚಾಚಿದರು. "ಯಾರದು? ಸುದ್ದಗುಂಟೆಪಾಳ್ಯದಲ್ಲಿ ನಮ್ಮ ಮನೆ ಹಿಂದಿನ ರೋಡ್‌ನೋಳಲ್ವಾ? ಏಯ್, ಇತ್ಲಾಗೆ ತಿರುಗಮ್ಮ!"

ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ಮಾವ ಎದ್ದಿದ್ದರು. ಹೋಗಿ ಹುಡುಗಿಗೂ ಆ ಹೆಂಗಸಿಗೂ ನಡುವೆ ಅಡ್ಡ ನಿಂತು, ಕೌಂಟರನ್ನು ಪಟಪಟ ಬಡಿದರು.

"ನಂದು ಮೊದ್ಲು ನೋಡಮ್ಮ! ರಾತ್ರಿ ಹಾಸಿಗೇಲೇ ಮೂತ್ರ ಹೋಗ್ತಿದೆ ನಂಗೆ! ತಡೆಯಕ್ಕೇ ಆಗ್ತಿಲ್ಲ! ದೊಡ್ಡೋರ ಡೈಪರ್ ಎಲ್ಲಿ ಸಿಗುತ್ತೆ? ಯಾವ ಸೈಜ್ ತಗೋಬೇಕು? ಜೋರಾಗಿ ಹೇಳು, ಎಲ್ರೂ ಕೇಳಿಸ್ಕೊಳ್ಲಿ!"

ಎಲ್ಲ ಕಣ್ಣುಗಳೂ ಅವರ ಮೇಲೆ ಬಿದ್ದವು. ಯಾರೋ ನಕ್ಕರು. ಕನ್ನಡಕದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು? ನಾನು ಒಂದು ಕುರ್ಚಿ ಆಚೆ ಸರಿದು, ಇವರು ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಮೊಬೈಲಿನಲ್ಲಿ ಮುಖ ಹುದುಗಿಸಿದೆ. ಮತ್ತೆ ತಲೆಯೆತ್ತಿದಾಗ ಹುಡುಗಿ ಅಲ್ಲಿರಲಿಲ್ಲ. ನರ್ಸೊಬ್ಬರು ಅವಳ ಭುಜ ಹಿಡಿದು ಒಳಕ್ಕೆ ಕರೆದುಕೊಂಡು ಹೋಗಿ ಬಾಗಿಲು ಹಾಕುತ್ತಿದ್ದರು. ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು. ಉಳಿದವರೆಲ್ಲ ಮಾವನನ್ನೇ ನೋಡುತ್ತಿದ್ದರು.

ಮಾವ ಧ್ವನಿ ತಗ್ಗಿಸಿದರು.

"ಆ ಮಗೂನ ಹಂಗೆ ಕೂಗಿ ಕೇಳ್ಬಾರ್ದಿತ್ತಮ್ಮ. ಹತ್ರ ಕರೆದು ಕೇಳು."

"ಸಾರಿ ಅಂಕಲ್" ಎಂದಳು ಅವಳು, ತಲೆ ತಗ್ಗಿಸಿ.

ಅಷ್ಟು ದಿನ ನಾಚಿಕೆಪಟ್ಟದ್ದೆಲ್ಲ ಅವರಿಂದ. ಈಗ ನನ್ನ ಮೇಲೆಯೇ ನಾಚಿಕೆಯಾಗಿ, ಸರಿದ ಕುರ್ಚಿಯಿಂದ ಏಳಲೂ ಆಗಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅವರು ರಸ್ತೆಯ ಕಡೆಗೇ ಮುಖ ತಿರುಗಿಸಿ ಕೂತಿದ್ದರು. ಕಿವಿ ಇನ್ನೂ ಕೆಂಪಗಿತ್ತು. ಮನೆ ಹತ್ತಿರವಾದಾಗ ಮೆಲ್ಲಗೆ ಕೇಳಿದರು.

"ಪುಟ್ಟಿ, ಬಾಗ್ಲ ಹತ್ರ ಕೂತಿದ್ದೋರಿಗೂ ಕೇಳಿಸ್ತಾ?"

ಬಾಗಿಲೇನು, ಆಚೆಯ ಬಸ್ ಸ್ಟಾಪಿಗೂ ಕೇಳಿಸಿತ್ತು.

"ಇಲ್ಲ ಮಾವ. ಫ್ಯಾನ್ ಸದ್ದಿಗೆ ಯಾರಿಗೂ ಸರಿಯಾಗಿ ಕೇಳಿಸ್ಲಿಲ್ಲ."

"ನಿಂಗೆ?"

"ನಂಗೂ ಇಲ್ಲ."

ಅವರು ತಲೆಯಾಡಿಸಿದರು. ಆಮೇಲೆ ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಆಟೋ ಮನೆ ಮುಂದೆ ನಿಂತ ಮೇಲೂ ಬಿಡಲಿಲ್ಲ.