ಡಬಲ್ ಡೋರ್ ಫ್ರಿಜ್ಜಿನ ಮಹಾಸಮರ

ಎಲೈ ಶ್ರೋತೃವೃಂದವೇ! ನಂದಿಬೆಟ್ಟದ ನೆತ್ತಿಗೆ ಮಾಘದ ಮಂಜು ಬಿಳಿ ಮುಂಡಾಸು ಸುತ್ತಿದ್ದಾಗ, ಅಡುಗೆಮನೆಯ ಸಿಂಹಾಸನವನ್ನು ಒಲೆಯಿಂದ ಕಸಿದು ಫ್ರಿಜ್ಜು ಏರಿ ಕುಳಿತ ಈ ಕಲಿಯುಗದಲ್ಲಿ, ದ್ರಾಕ್ಷಾಲತಾಪರಿಪಾಲನಧುರಂಧರನೂ ಶ್ವೇತಾಸವನಿರ್ಮಾಣಪಾರಂಗತನೂ ಮೂರೆಕರೆ ಸಾಮ್ರಾಜ್ಯದ ಸಾರ್ವಭೌಮನೂ ಆದ ಚೌಡರೆಡ್ಡಿಯ ಪರಾಕ್ರಮವನ್ನು ಬಣ್ಣಿಸಲು ನನಗಿರುವುದು ಒಂದೇ ನಾಲಿಗೆ. ಅದೂ ಬೆಳಗಿನ ಕಾಫಿಗೆ ಸುಟ್ಟಿದೆ.

ಅಂದು ಬೆಂಗಳೂರಿನ ಹೋಟೆಲೊಂದಕ್ಕೆ ವೈನು ಆರಿಸುವ ಲೋಬೋ ಮೇಡಂ ಹತ್ತೂವರೆಗೆ ಬರುವವರಿದ್ದರು. ಅವರು ಒಪ್ಪದಿದ್ದರೆ ಬಳ್ಳಿಯನ್ನೆಲ್ಲ ಕಿತ್ತು ದಪ್ಪಮೆಣಸಿನಕಾಯಿ ನೆಡುವುದಾಗಿ ಚೌಡರೆಡ್ಡಿಯ ಅಣ್ಣ ಭೀಷ್ಮಪ್ರತಿಜ್ಞೆ ಮಾಡಿಯಾಗಿತ್ತು. ಬಿಳಿ ವೈನು ತಣ್ಣಗಿರಬೇಕು. ವೈನರಿಯ ತಂಪು ಯಂತ್ರವೋ, ಹಿಂದಿನ ದಿನವೇ ವೀರಸ್ವರ್ಗ ಸೇರಿತ್ತು. ಆದಕಾರಣ ಒಂಬತ್ತು ಗಂಟೆಯ ಶುಭಮುಹೂರ್ತದಲ್ಲಿ, ಎದೆಗವಚಿದ ಸೀಸೆಯೊಡನೆ ನಮ್ಮ ವೀರನು ಅಣ್ಣನ ಮನೆಯ ಫ್ರಿಜ್ಜಿನತ್ತ ದಂಡೆತ್ತಿ ಹೋದನು.

ಅಲ್ಲಿ ನಿಂತಿದ್ದಳು ಅತ್ತಿಗೆ ಅಶ್ವತ್ಥಮ್ಮ! ಸೌಟುಪಾಣಿ, ಸೆರಗುಬದ್ಧಕಟಿ, ಶೀತಲಪೇಟಿಕಾದುರ್ಗಾಧಿದೇವತೆ!

“ಎಲ್ಲಿಗಪ್ಪ ಸವಾರಿ?”

“ಜಗತ್ತನ್ನೇ ಬೆರಗುಗೊಳಿಸೋ ರಸ ಇದು, ಅತ್ತಿಗೆ! ಒಂದೂವರೆ ಗಂಟೆ ಜಾಗ ಕೊಡಿ, ನಿಮ್ಮ ಹೆಸರು ಅಜರಾಮರ ಮಾಡ್ತೀನಿ.”

“ನನ್ನ ಹೆಸರು ರೇಷನ್ ಕಾರ್ಡಲ್ಲಿದೆ, ಸಾಕು. ಇವತ್ತು ಶನಿವಾರ. ಒಳಗೆ ತಿಮ್ಮಪ್ಪನ ಪ್ರಸಾದ ಇದೆ. ಅದರ ಪಕ್ಕ ಹೆಂಡ ಇಡ್ತೀಯಾ?”

“ಹೆಂಡ ಅಲ್ಲ, ವೈನು!”

“ದ್ರಾಕ್ಷಿ ಕೊಳೆಸಿದ್ದು ತಾನೆ?”

ಈ ವಾಗ್ಬಾಣ ಅವನ ಮೂರು ವರ್ಷದ ತಪಸ್ಸಿನ ನಟ್ಟನಡುವೆ ನಾಟಿತು. ಆದರೂ ಎದೆಗುಂದದ ಧೀರನು ಫ್ರಿಜ್ಜಿನ ಹಿಡಿಕೆಗೆ ಕೈಯಿಕ್ಕಲು, ಆಕೆಯೂ ಇಕ್ಕಿದಳು. ಅವನೆಳೆದ, ಅವಳೊತ್ತಿದಳು; ಬಾಗಿಲ ರಬ್ಬರು ಆರ್ತನಾದಗೈಯಿತು; ಒಳಗೆ ದೋಸೆಹಿಟ್ಟಿನ ಪಾತ್ರೆ ಭೂಕಂಪದಲ್ಲಿ ಸಿಕ್ಕ ರಾಜಧಾನಿಯಂತೆ ತೊನೆದಾಡಿತು.

“ಅತ್ತಿಗೆ, ಮೆಣಸಿನಕಾಯಿ ನೆಟ್ರೆ ನಾನು ಬದುಕಲ್ಲ!” ಎಂದನು ಕೊನೆಗೆ ವೀರ, ವೀರತ್ವವನ್ನೆಲ್ಲ ಮಡಚಿಟ್ಟು.

ಅಶ್ವತ್ಥಮ್ಮನ ಸೌಟು ತಗ್ಗಿತು. ಆಕೆ ಫ್ರಿಜ್ಜನ್ನು ಮೇಲಿಂದ ಕೆಳಗೆ ನೋಡಿ ಧರ್ಮಸೂಕ್ಷ್ಮ ನುಡಿದಳು: “ಐಸಿನ ಭಾಗಕ್ಕೆ ಬಾಗಿಲು ಬೇರೆ. ಬಾಗಿಲು ಬೇರೆ ಅಂದ್ಮೇಲೆ ಮನೆನೂ ಬೇರೆ. ಮೇಲಿಡು. ದೇವರು ಕೆಳಗಿನ ಮನೇಲಿರ್ಲಿ.”

ದೇವತೆಗಳು ಹೂಮಳೆಗರೆದರು; ಹೋಗಲಿ, ಮೇಲಿನ ಬಾಗಿಲು ತೆರೆದೊಡನೆ ಗಡ್ಡೆಕಟ್ಟಿದ ಬಟಾಣಿಯಾದರೂ ನಾಲ್ಕು ಉದುರಿದವು.

ಮೇಡಂ ಬಂದರು. ಹಿಮವತ್ಪರ್ವತದಿಂದಿಳಿದಂತಿದ್ದ ಸೀಸೆಯಿಂದ ಒಂದು ಗುಟುಕು ಹೀರಿದರು. ಹುಬ್ಬು ಗಂಟಾಯಿತು. “ವಾಸನೆನೂ ಇಲ್ಲ, ರುಚಿನೂ ಇಲ್ಲ.”

ಚೌಡರೆಡ್ಡಿಯ ಕಣ್ಮುಂದೆ ಮೂರೆಕರೆ ತುಂಬ ದಪ್ಪಮೆಣಸಿನಕಾಯಿ ತೊನೆದಾಡಿತು.

“ಐಸ್ ಥರ ಇದೆ, ಅದಕ್ಕೇ. ಸ್ವಲ್ಪ ಹೊತ್ತು ಬಿಸಿಲಿಗಿಡಿ” ಎಂದರು ಮೇಡಂ.

ಮೂವರೂ ಜಗಲಿಯ ಮೇಲೆ ಸೀಸೆಯನ್ನು ಸುತ್ತಿ, ಹಪ್ಪಳ ಕಾಯುವವರಂತೆ ಕುಳಿತರು. ಇಪ್ಪತ್ತು ನಿಮಿಷದ ಮೇಲೆ ಎರಡನೆಯ ಗುಟುಕು. ಮೇಡಂ ಕಣ್ಣು ಮುಚ್ಚಿದರು. “ಹಸಿ ಮಾವಿನಕಾಯಿ... ನಿಂಬೆಸಿಪ್ಪೆ... ಈ ಹುಳಿ ನಿಮ್ಮ ಬೆಟ್ಟದ ಚಳಿಯದ್ದು. ಇಪ್ಪತ್ತು ಪೆಟ್ಟಿಗೆ ಕಳಿಸಿ.”

ವೀರನ ಕಣ್ಣಲ್ಲಿ ಆನಂದಬಾಷ್ಪ.

“ಅಂದಹಾಗೆ, ಫ್ರಿಜ್ಜು ಯಾಕೆ ಬೇಕಿತ್ತು?” ಎಂದರು ಮೇಡಂ. “ಈ ಚಳೀಲಿ ಒಂದು ಬಕೆಟ್ ನೀರಲ್ಲಿ ಮುಳುಗಿಸಿದ್ರೆ ಆಗೋದು.”

ಅಶ್ವತ್ಥಮ್ಮ ಸೌಟಿನಿಂದ ಬೆನ್ನು ಕೆರೆದುಕೊಂಡಳು. “ಬಕೆಟ್ಟಾ? ಕೇಳಿದ್ರೆ ಕೊಡ್ತಿದ್ನಲ್ಲಪ್ಪ. ಸ್ನಾನದ್ದಲ್ಲ, ಎಮ್ಮೇದು.”